ರಾಣಿಬಾಗಿನಲ್ಲಿ ಒಂದು ಭಾನುವಾರ, ಕೈಯಲ್ಲಿ ಕ್ಯಾಮೆರಾ

ಮುಂಬಯಿಯ ಬೈಕುಲಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ನಡೆದರೆ ಹತ್ತು ನಿಮಿಷಕ್ಕೆ ರಾಣಿಬಾಗ್. ಬೋರ್ಡಿನಲ್ಲಿರುವುದು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ, ಒಳಗೇ ಮೃಗಾಲಯವೂ ಉಂಟು. ಆದರೆ 1862ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಲ್ಲಿ ತೆರೆದ ತೋಟ, ಜನರ ಬಾಯಿಂದ ರಾಣಿ ಇನ್ನೂ ಇಳಿದಿಲ್ಲ. ಬುಧವಾರ ರಜೆ. ಭಾನುವಾರವಾದರೆ ಗೇಟು ತೆರೆಯುವ ಹೊತ್ತಿಗೇ ಸಾಲಿನಲ್ಲಿರಬೇಕು. ಹನ್ನೊಂದು ದಾಟಿದರೆ ಬಿಸಿಲು ನೆತ್ತಿಗೇರಿ ಎಲ್ಲರ ಕಣ್ಣಿನ ಕೆಳಗೂ ಕಪ್ಪು ನೆರಳು.

ಎಸಿ ಲೋಕಲ್ಲಿನಲ್ಲಿ ಬಂದವರು ಕ್ಯಾಮೆರಾವನ್ನು ತಕ್ಷಣ ಹೊರತೆಗೆಯಬಾರದು. ತಣ್ಣಗಾದ ಗಾಜಿಗೆ ಮುಂಬಯಿಯ ಒದ್ದೆ ಗಾಳಿ ತಾಗಿದರೆ ಲೆನ್ಸ್ ಮಂಜಾಗುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಬ್ಯಾಗಿನ ಜಿಪ್ ಮುಚ್ಚಿಯೇ ಹದಿನೈದು-ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಮಕ್ಕಳು ಪೆಂಗ್ವಿನ್ ನೋಡಿ ಬರಲಿ.

ನಮ್ಮ ಕಣ್ಣು ಮಾತ್ರ ನಾಗಲಿಂಗದ ಮರದ ಮೇಲೆ. ದಕ್ಷಿಣ ಅಮೆರಿಕದ ಈ ಮರಕ್ಕೆ ಹೂವು ರೆಂಬೆಯ ತುದಿಯಲ್ಲಲ್ಲ, ಕಾಂಡದಿಂದಲೇ ಜೋಲುವ ದಂಟುಗಳಲ್ಲಿ. ಹಾಗಾಗಿ ಎದೆಯೆತ್ತರಕ್ಕೇ ಸಿಗುವುದೂ ಉಂಟು. ಆರು ದಪ್ಪ ದಳ, ನಡುವೆ ಲಿಂಗ, ಅದನ್ನು ಸುತ್ತಿದ ಕೇಸರಗಳ ಉಂಗುರ, ಮೇಲೆ ಬಾಗಿದ ಹೆಡೆ. ಹೂವಿನಲ್ಲಿ ಮಕರಂದವಿಲ್ಲ. ಹೆಡೆಯಲ್ಲಿರುವ ಪರಾಗ ಜೇನಿಗೆ ಊಟ, ಉಂಗುರದ ಪರಾಗ ಬೀಜ ಕಟ್ಟಲು. ಎದುರಿನಿಂದ ತೆಗೆದರೆ ಹೆಡೆಯೇ ಲಿಂಗವನ್ನು ಮುಚ್ಚುತ್ತದೆ. ಪಕ್ಕಕ್ಕೆ ಸರಿದು, ಸ್ವಲ್ಪ ಬಗ್ಗಿ ನೋಡಿ. ಲೆನ್ಸಿನ ಕಂಡಿಯನ್ನು ಎಫ್ 2.8ಕ್ಕೆ ಅಗಲವಾಗಿ ತೆರೆದಿಟ್ಟರೆ ಹೆಡೆ ಚೂಪು, ಉಂಗುರ ಮಸುಕು. ಕಂಡಿ ಕಿರಿದಾಗಿಸಿ ಎಫ್ 8ಕ್ಕೆ ಹೋಗಿ, ಕಡಿಮೆಯಾದ ಬೆಳಕಿಗೆ ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, 800ಕ್ಕೆ ಏರಿಸಿ. ಗಾಳಿಗೆ ದಂಟು ತೂಗುವುದರಿಂದ ಶಟರ್ 1/250 ಸೆಕೆಂಡಿಗಿಂತ ನಿಧಾನವಾಗಬಾರದು. ಮೊಬೈಲಿನ ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡ, ಕೇಸರಗಳ ಅಂಚನ್ನೇ ಅಳಿಸಿಹಾಕುತ್ತದೆ. ಮತ್ತೆ, ಫಿರಂಗಿ ಗುಂಡಿನಂಥ ಆ ಕಾಯಿಗಳ ನೇರ ಕೆಳಗೆ ಅಜ್ಜಿಯನ್ನು ನಿಲ್ಲಿಸಬೇಡಿ. ಬಿದ್ದರೆ ತಲೆಗೆ ಪೆಟ್ಟು, ಒಡೆದರೆ ವಾಸನೆ ಬೇರೆ.

ದಟ್ಟ ಎಲೆಗಳಡಿ ಎಲ್ಲರ ಮುಖವೂ ಹಸಿರಾಗುತ್ತದೆ. ಮೇಲಿನಿಂದ ಸೋಸಿ ಬರುವ ಬೆಳಕೇ ಹಸಿರು, ಕ್ಯಾಮೆರಾದ ತಪ್ಪಲ್ಲ. ಅದೇ ನೆರಳಲ್ಲಿ ಬಿಳಿ ಕರ್ಚೀಫ್ ಹಿಡಿಸಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಾಣಿಕೆ) ಹೊಂದಿಸಿಕೊಂಡರೆ ಚಿಕ್ಕಮ್ಮನ ಕುಂಕುಮ ಕುಂಕುಮವಾಗಿಯೇ ಬರುತ್ತದೆ.

ಮನೆಮಂದಿಯ ಗುಂಪು ಫೋಟೋಗೆ ಬಾವೊಬಾಬ್ ಮರ. ಇಲ್ಲಿನವರಿಗೆ ಗೋರಖ ಚಿಂಚ್, ನಮಗೆ ಸವಣೂರಿನ ದೊಡ್ಡಹುಣಸೆ. ಜನ ಪಕ್ಕದಲ್ಲಿ ನಿಲ್ಲದಿದ್ದರೆ ಆ ಕಾಂಡದ ಗಾತ್ರ ಫೋಟೋದಲ್ಲಿ ತಿಳಿಯುವುದೇ ಇಲ್ಲ. ಆದರೆ ವೈಡ್ ಲೆನ್ಸ್ ಅಂಚಿನಲ್ಲಿರುವವರನ್ನು ಎಳೆದು ದಪ್ಪಗೆ ಮಾಡುತ್ತದೆ. ಅಂಚಿಗೆ ಸಪೂರದ ಮಕ್ಕಳು, ನಡುವೆ ಹಿರಿಯರು. ಎಲೆ ಉದುರಿದ ಕಾಲದಲ್ಲಿ ರೆಂಬೆಗಳ ಹಿಂದೆ ಬರೀ ಬೆಳ್ಳಗಿನ ಆಕಾಶ. ಕ್ಯಾಮೆರಾ ಅದನ್ನೇ ಅಳೆದು ಮುಖಗಳನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸಿ, ಫೋಕಸ್ ಮುಂದಿನ ಸಾಲಿನವರ ಕಣ್ಣಿಗೆ ಇಟ್ಟು, ಒಂದೇ ಸಮನೆ ಆರು ಫ್ರೇಮ್ ಒತ್ತಿ. ಹತ್ತು ಜನರಿದ್ದರೆ ಒಬ್ಬರಾದರೂ ಕಣ್ಣು ಮುಚ್ಚಿಯೇ ಇರುತ್ತಾರೆ, ಹೆಚ್ಚಾಗಿ ದೊಡ್ಡಪ್ಪ.