ಮೋಡ ಕವಿದಿದ್ದರೆ ಹೊರಡಿ: ಒಲಿಂಪಿಕ್ ಕಾಡು, ಕಡಲು, ನಮ್ಮ ಕ್ಯಾಮೆರಾ ಗುಂಪು

ಸಿಯಾಟಲ್‌ನಲ್ಲಿರುವ ಮಕ್ಕಳು ಊರಿಂದ ಅಪ್ಪ ಅಮ್ಮನನ್ನ ಕರೆಸಿಕೊಳ್ಳೋದು ಜುಲೈ, ಆಗಸ್ಟ್‌ನಲ್ಲೇ. ಬಿಸಿಲಿರುತ್ತೆ, ಓಡಾಡೋಕೆ ಸುಲಭ ಅಂತ. ಸರಿನೇ ಬಿಡಿ. ಆದರೆ ಕ್ಯಾಮೆರಾ ಹಿಡಿಯೋ ಆಸೆ ಇದ್ದವರಿಗೆ ನಾನು ಹೇಳೋದೇ ಬೇರೆ: ಸಿಯಾಟಲ್‌ನ ಪಶ್ಚಿಮಕ್ಕಿರೋ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಕಾಡಿಗೆ ಮೋಡ ಕವಿದ ದಿನ ಹೋಗಿ. ತುಂತುರು ಹನೀತಿದ್ದರೆ ಇನ್ನೂ ಒಳ್ಳೇದು.

ನಮ್ಮದೊಂದು ಗುಂಪಿದೆ. ಮೈಸೂರು, ಮಂಡ್ಯದವರೇ ಜಾಸ್ತಿ. ಊರಲ್ಲಿದ್ದಾಗ ರಂಗನತಿಟ್ಟಿನ ದೋಣಿಯಲ್ಲಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹಕ್ಕಿ ಫೋಟೋ ತೆಗೆದು ಪಳಗಿದವರು. ಹಾಗಾಗಿ ಎಲ್ಲರ ಬ್ಯಾಗಲ್ಲೂ ಮೊಳದುದ್ದದ ಲೆನ್ಸ್. ಈ ಅಕ್ಟೋಬರ್‌ನಲ್ಲಿ ಒಬ್ಬರ ಜೊತೆ ಅವರ ತಂದೆಯೂ ಬಂದಿದ್ದರು, ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರು, ಊರಲ್ಲಿ ಗದ್ದೆ, ಕಬ್ಬು ಎರಡೂ ಇರುವವರು. ಅವರ ಹತ್ತಿರ ಇದ್ದದ್ದು ಒಂದು ಫೋನ್, ಒಂದು ಮಂಕಿ ಟೋಪಿ. ಸುಮ್ನೆ ಕೂರೋ ಆಸಾಮಿ ಅಲ್ಲ.

ಸಿಯಾಟಲ್‌ನಿಂದ ಕಾರು ಸಮೇತ ಫೆರಿ ಹತ್ತಿ ಬೈನ್‌ಬ್ರಿಡ್ಜ್ ದ್ವೀಪಕ್ಕೆ 35 ನಿಮಿಷ, ಅಲ್ಲಿಂದ ಮುಂದೆ ಸಿಗುತ್ತೆ 101ನೇ ಹೆದ್ದಾರಿ. ದಾರಿಯಲ್ಲಿ ಸ್ಕ್ವಿಮ್ ಅಂತ ಒಂದು ಊರು. ಅಲ್ಲಿ ವರ್ಷಕ್ಕೆ ಬೀಳೋ ಮಳೆ 400 ಮಿ.ಮೀ. ಆಸುಪಾಸು, ನಮ್ಮ ಮಂಡ್ಯಕ್ಕಿಂತಲೂ ಕಡಿಮೆ. ಅದೇ ಬೆಟ್ಟಸಾಲಿನ ಆಚೆ ಬದಿಯ 'ಹೋ' ಅನ್ನೋ ಮಳೆಕಾಡಿನಲ್ಲಿ 3,500 ಮಿ.ಮೀ. ಪೆಸಿಫಿಕ್ ಕಡಲಿಂದ ಬಂದ ಮೋಡವನ್ನ 2,432 ಮೀಟರ್ ಎತ್ತರದ ಒಲಿಂಪಸ್ ಬೆಟ್ಟ ಮತ್ತು ಅದರ ಅಕ್ಕಪಕ್ಕದ ಬೆಟ್ಟಗಳು ತಡೆದು ಹಿಂಡಿಕೊಳ್ಳುತ್ತವೆ. ಈಚೆಗೆ ಬರೋದು ಒಣ ಗಾಳಿ. ಇದನ್ನ ಮೇಷ್ಟ್ರಿಗೆ ವಿವರಿಸೋಕೆ ಹೋದೆವು. "ನಂಗೇ ಪಾಠ ಮಾಡ್ತೀರೇನ್ರಪ್ಪ? ಕೊಡಗಲ್ಲಿ ಹುಯ್ದ್ರೆ ತಾನೆ ಕನ್ನಂಬಾಡಿ ತುಂಬೋದು" ಅಂದರು. ಮುಗೀತು ಪಾಠ.

ಹೋ ಕಾಡಿಗೆ ಹೋಗೋ ರಸ್ತೆ 2024ರ ಡಿಸೆಂಬರ್‌ನಲ್ಲಿ ಪ್ರವಾಹಕ್ಕೆ ಕೊಚ್ಚಿಹೋಗಿ, 2025ರ ಮೇನಲ್ಲಿ ಮತ್ತೆ ತೆರೆಯಿತು. ಒಳಗೆ 'ಹಾಲ್ ಆಫ್ ಮಾಸಸ್' ಅನ್ನೋ ಕಾಲುದಾರಿ ಬರೀ 1.3 ಕಿ.ಮೀ. ಜನ ಅರ್ಧ ಗಂಟೆಯಲ್ಲಿ ಸುತ್ತಿ ಬರುತ್ತಾರೆ. ನಮಗೆ ಇಡೀ ಬೆಳಗ್ಗೆ ಸಾಲಲಿಲ್ಲ. ಬಿಸಿಲಿದ್ದರೆ ಇಲ್ಲಿ ಎಲೆ ಸಂದಿಯಿಂದ ಬೀಳೋ ಬೆಳಕು ಒಂದು ಕಡೆ ಬೆಳ್ಳಗೆ ಸುಟ್ಟಂತೆ, ಇನ್ನೊಂದು ಕಡೆ ಕಪ್ಪು. ಕ್ಯಾಮೆರಾಕ್ಕೆ ಎರಡನ್ನೂ ಹಿಡಿಯೋಕಾಗಲ್ಲ. ಮೋಡ ಇದ್ದರೆ ಬೆಳಕು ಎಲ್ಲ ಕಡೆ ಸಮ. ಆದರೂ ಒದ್ದೆ ಎಲೆ ಮೇಲೆ ಒಂದು ಬಿಳಿ ಹೊಳಪು ಕೂತಿರುತ್ತೆ. ಲೆನ್ಸ್ ಮುಂದೆ ಪೋಲರೈಸರ್ ಅನ್ನೋ ಫಿಲ್ಟರ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಹೊಳಪು ಅಳಿಸಿಹೋಗಿ ಅಡಿಯಿಂದ ಹಸಿರು ಎದ್ದು ಬರುತ್ತೆ. ಮೇಷ್ಟ್ರಿಗೆ ನೋಡೋಕೆ ಕೊಟ್ಟರೆ ಫಿಲ್ಟರನ್ನ ಆ ಕಡೆ ಈ ಕಡೆ ತಿರುಗಿಸುತ್ತಾ ವಾಪಸ್ ಕೊಡೋಕೇ ತಯಾರಿಲ್ಲ!

ಮೇಪಲ್ ಮರಗಳ ಕೊಂಬೆಯಿಂದ ಪಾಚಿ ಮೊಳಗಟ್ಟಲೆ ಜೋತಾಡುತ್ತೆ. "ಇಷ್ಟೊಂದು ಪಾಚಿ ಹತ್ಕಂಡದಲ್ಲ, ಮರ ಒಣಗಲ್ವಾ?" ಅಂತ ಮೇಷ್ಟ್ರು ಕೇಳಿದರು. ಒಳ್ಳೇ ಪ್ರಶ್ನೆ. ಇದೇ ಕಾಡಿನ ಮರ ಹತ್ತಿ ಮೇಲೆ ಏನಿದೆ ಅಂತ ನೋಡಿದವರು ಅಮೆರಿಕದ ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ, ಅವರ ತಂದೆ ಭಾರತದವರು. ಪಾಚಿ ಕೊಳೆತು ಕೊಂಬೆ ಮೇಲೇ ಮಣ್ಣಾಗುತ್ತೆ, ಮರ ಆ ಮಣ್ಣಿಗೆ ಕೊಂಬೆಯಿಂದಲೇ ಬೇರು ಬಿಟ್ಟು ಸತ್ವ ಹೀರುತ್ತೆ ಅಂತ 1981ರಲ್ಲಿ ಪ್ರಕಟಿಸಿದರು. ಪಾಚಿಯಿಂದ ಮರಕ್ಕೂ ಲಾಭ ಇದೆ ಅಂತಾಯ್ತು.

ನನಗೆ ಹಿಡಿಸಿದ್ದು ಬಿದ್ದ ಮರಗಳು. ದಪ್ಪ ಸ್ಪ್ರೂಸ್ ಕಾಂಡ ಉದ್ದಕ್ಕೆ ಮಲಗಿದೆ, ಅದರ ಬೆನ್ನ ಮೇಲೆ ಗೇಣುದ್ದದ ಹೆಮ್‌ಲಾಕ್ ಸಸಿಗಳ ಸಾಲು. ನೆಲದಲ್ಲಿ ಪಾಚಿ, ಜರಿಗಿಡಗಳ ಪೈಪೋಟಿ ಜಾಸ್ತಿ, ಹಾಗಾಗಿ ಬೀಜ ಇಂಥ ಕಾಂಡ ಹುಡುಕಿಕೊಂಡು ಮೊಳೆಯುತ್ತೆ. ಸ್ವಲ್ಪ ಮುಂದೆ ನೋಡಿದರೆ ದೊಡ್ಡ ಮರಗಳೇ ಗೆರೆ ಎಳೆದಂತೆ ಸಾಲಾಗಿ ನಿಂತಿವೆ, ಬುಡದಲ್ಲಿ ಬೇರುಗಳ ನಡುವೆ ಒಂದು ಮಗು ನುಸುಳುವಷ್ಟು ಪೊಳ್ಳು. ಅವು ಹುಟ್ಟಿದ ಕಾಂಡ ಅಲ್ಲಿತ್ತು, ಕೊಳೆತು ಮುಗಿದಿದೆ. ಆ ಪೊಳ್ಳಿನ ಮುಂದೆ ಟ್ರೈಪಾಡ್ ಊರಿ ನಾವೆಲ್ಲ ಸರದಿ ಕಾದೆವು. ಗುಂಪಲ್ಲಿ ಹೋದರೆ ಇದೊಂದು ಕಿರಿಕಿರಿ, ಎಲ್ಲರ ಫೋನಲ್ಲೂ ಒಂದೇ ಫೋಟೋ.

ಕಡಲಿಗೆ ಹೋದದ್ದು ಮಾರನೇ ದಿನ, ರಿಯಾಲ್ಟೋ ಬೀಚ್. ಮರಳಿಗಿಂತ ನುಣ್ಣನೆ ಕಲ್ಲೇ ಜಾಸ್ತಿ. ನೀರಲ್ಲಿ ಅಲ್ಲಲ್ಲಿ ಬಂಡೆ ಕಂಬಗಳು. ಮೆತ್ತನೆ ಭಾಗವನ್ನ ಅಲೆ ತಿಂದು ಗಟ್ಟಿ ಭಾಗ ಉಳಿದದ್ದು. ದಡದ ತುಂಬ ನದಿ ತಂದು ಹಾಕಿದ ದಿಮ್ಮಿಗಳು, ಆಳೆತ್ತರದವು. ಅಲೆ ಜೋರಿದ್ದಾಗ ಅವು ತೇಲಿ ಉರುಳುತ್ತವೆ, ಹತ್ತಿರ ಹೋಗಬೇಡಿ ಅಂತ ಬೋರ್ಡೇ ಇದೆ. ಅಲೆ ಕೊರೆದ ಬಂಡೆ ಕಿಂಡಿಗೆ 'ಹೋಲ್ ಇನ್ ದ ವಾಲ್' ಅಂತಾರೆ, ಎರಡೂವರೆ ಕಿ.ಮೀ. ನಡೀಬೇಕು. ನೀರು ಇಳಿದಾಗ ಮಾತ್ರ ದಾಟೋಕೆ ಸಾಧ್ಯ. ನಾವು ಒಳನಾಡಿನವರಿಗೆ ಇಳಿತ ಉಬ್ಬರದ ಲೆಕ್ಕ ಅಷ್ಟಾಗಿ ಗೊತ್ತಿರಲ್ಲ ಅಲ್ವಾ, ಇಲ್ಲಿ ದಿನಕ್ಕೆ ಎರಡು ಉಬ್ಬರ, ಅದೂ ಎರಡೂ ಒಂದೇ ಎತ್ತರ ಅಲ್ಲ. ವೇಳಾಪಟ್ಟಿ ನೋಡಿಯೇ ಹೊರಡಬೇಕು. ನಕ್ಷತ್ರಮೀನು ಬೇಕಿದ್ದವರಿಗೆ ಮಾತ್ರ ಬೇಸಿಗೆಯ ಬೆಳಗಿನ ಇಳಿತವೇ ಸರಿ.

ಉಪ್ಪು ಹನಿ ತಡೆಯೋಕೆ ಹೋಟೆಲಿನ ಶವರ್ ಕ್ಯಾಪ್ ಕ್ಯಾಮೆರಾಕ್ಕೆ ಹಾಕಿ, ಬೇರೇನೂ ಬೇಡ. ಛತ್ರಿ ದಂಡ, ಗಾಳಿಗೆ ನಿಲ್ಲಲ್ಲ. ಡ್ರೋನ್ ತರಲೇಬೇಡಿ, ರಾಷ್ಟ್ರೀಯ ಉದ್ಯಾನದಲ್ಲಿ ನಿಷೇಧ.

ವಾಪಸ್ ಬರುವಾಗ ಉದ್ಯಾನದ ಗಡಿ ಮುಗಿದ ಕೂಡಲೇ ಗುಡ್ಡಕ್ಕೆ ಗುಡ್ಡವೇ ಬೋಳು, ಕಟಾವಾದ ಕಬ್ಬಿನ ಗದ್ದೆ ಥರ. ನೆಡುತೋಪು, ಬೆಳೆಸಿ ಕಡಿಯುತ್ತಾರೆ. ನೆಟ್ಟ ವರ್ಷ, ಕಡಿದ ವರ್ಷ ಬರೆದ ಬೋರ್ಡೂ ಅಲ್ಲಲ್ಲಿ ಇರುತ್ತೆ. ಮೇಷ್ಟ್ರು ಒಂದು ಬೋರ್ಡ್ ಓದಿ ಬೆರಳಲ್ಲಿ ಲೆಕ್ಕ ಹಾಕಿದರು. ಕಾರು ನಿಲ್ಲಿಸಿ ಅಂದರು, ಫೋನಲ್ಲಿ ಫೋಟೋ ತೆಗೆದರು. "ನಮ್ಮೂರಿಗೆ ಕಳಿಸ್ತೀನಿ. ಕಬ್ಬು ಕಡಿಯೋಕೆ ಫ್ಯಾಕ್ಟ್ರಿ ಆರ್ಡರ್ ಇನ್ನೂ ಬಂದಿಲ್ಲ ಅಂತ ಅಲ್ಲಿ ಕಾಯ್ತಾವ್ರೆ. ಇವ್ರು ನಲವತ್ತು ವರ್ಷ ಕಾಯ್ತಾರಂತೆ ಅಂತ ಸಮಾಧಾನ ಹೇಳ್ಬೋದು."