ದಾರಿ ನೋಡಿಕೊಳ್ಳುವವರು

ಈ ಬೇಸಿಗೆಯಲ್ಲಿ ಬಾಗಲಕೋಟೆಯಿಂದ ಅವ್ವ ಸ್ಪೇನಿನಲ್ಲಿರುವ ನಮ್ಮ ಮನೆಗೆ ಬಂದಿದ್ದಾಗ ಕೆಳಗಿನ ಮನೆಯ ಅಜ್ಜಿ ಕೇಳಿದ ಪ್ರಶ್ನೆಯೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಯುಗಾದಿಗೆ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ನೂರಾರು ಕಿಲೋಮೀಟರ್ ನಡೆದು ಹೋಗಿಬಂದವಳು ನನ್ನ ತಾಯಿ ಎಂದು ನಾನು ಹೆಮ್ಮೆಯಿಂದ ಪರಿಚಯಿಸಿದೆ. ಎಷ್ಟು ದಿನ ಬೇಕು, ಎಲ್ಲಿ ಮಲಗುತ್ತೀರಿ ಎಂದು ಅಜ್ಜಿ ಕೇಳಬಹುದೆಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ: "ಅಷ್ಟು ಉದ್ದದ ದಾರಿಯನ್ನು ನೋಡಿಕೊಳ್ಳುವವರು ಯಾರು?" ನಾನು ಕನ್ನಡದಲ್ಲಿ ಹೇಳಿದೊಡನೆ ಅವ್ವ, "ಮಲ್ಲಯ್ಯ ನೋಡಕೋತಾನ್ರೀ ಅಕ್ಕಾರ" ಎಂದಳು. ಅಜ್ಜಿ ಗೌರವದಿಂದಲೇ ತಲೆಯಾಡಿಸಿದರು. ಆಮೇಲೆ, "ಸರಿ, ಆದರೆ ಕಲ್ಲು ಕಿತ್ತುಹೋದರೆ ಮತ್ತೆ ಕೂರಿಸುವವರು?" ಎಂದು ಕೇಳಿದರು. ಅದಕ್ಕೆ ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ.

ಸ್ಪೇನಿನ ವಾಯವ್ಯ ಮೂಲೆಯ ಸಾಂಟಿಯಾಗೊ ದೆ ಕಾಂಪೊಸ್ಟೆಲಾದಲ್ಲಿ ಇಂತಹ ಪ್ರಶ್ನೆ ಹುಟ್ಟುವುದು ಸಹಜ. ಏಸುವಿನ ಶಿಷ್ಯ ಯಾಕೋಬನ ಸಮಾಧಿ ಇಲ್ಲಿದೆಯೆಂಬ ನಂಬಿಕೆಯಿಂದ ಸಾವಿರ ವರ್ಷಗಳಿಗೂ ಮಿಕ್ಕಿ ಜನ ಈ ಊರಿಗೆ ನಡೆದು ಬರುತ್ತಿದ್ದಾರೆ. ಫ್ರಾನ್ಸಿನ ಕಡೆಯಿಂದ ಬರುವ ಹಾದಿ ಮೊಂತೆ ದೊ ಗೊಸೊ ಎಂಬ ಗುಡ್ಡವನ್ನಿಳಿದು, ನಾವಿರುವ ಸಾನ್ ಪೆದ್ರೊ ಬೀದಿಯಲ್ಲಿಯೇ ಹಾದು ಹಳೆಯ ಊರನ್ನು ಹೊಗುತ್ತದೆ. ಬೆಳಗಾಗುವ ಮುನ್ನವೇ ಊರುಗೋಲುಗಳ ಮೊನೆ ಹಾಸುಗಲ್ಲಿಗೆ ತಾಗುವ ಸದ್ದು ಕಿಟಕಿಯವರೆಗೂ ಕೇಳುತ್ತದೆ. ಕೊನೆಯ ನೂರು ಕಿಲೋಮೀಟರನ್ನಾದರೂ ನಡೆದು, ದಾರಿಯುದ್ದಕ್ಕೂ ಪುಸ್ತಿಕೆಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದವರಿಗೆ ಇಲ್ಲಿ ಪ್ರಮಾಣಪತ್ರ ಕೊಡುತ್ತಾರೆ. 2024ರಲ್ಲಿ ಅದನ್ನು ಪಡೆದವರು 4,99,239 ಮಂದಿ. ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು.

ಹೀಗಿರುವ ಹಾದಿ ಒಂದು ಕಾಲಕ್ಕೆ ಹೆಚ್ಚುಕಡಿಮೆ ಅಳಿದೇಹೋಗಿತ್ತು ಎಂದರೆ ನಂಬುವುದು ಕಷ್ಟ. 1980ರ ದಶಕದ ಆರಂಭದಲ್ಲಿ ಸಾಮಾನ್ಯ ವರ್ಷಗಳಲ್ಲಿ ನಡೆದು ಬರುತ್ತಿದ್ದವರು ಕೆಲವೇ ನೂರು ಜನ. ಆಗ ಒ ಸೆಬ್ರೆಯ್ರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯ ಹಳದಿ ಬಣ್ಣದ ಡಬ್ಬಿ ಹಿಡಿದು ಹೊರಟರು. ಪಿರೆನೀಸ್ ಪರ್ವತದಿಂದ ಇಲ್ಲಿಯವರೆಗೆ ಕವಲು ಬಂದಲ್ಲೆಲ್ಲ ಮರಕ್ಕೆ, ಗೋಡೆಗೆ, ಬಂಡೆಗೆ ಬಾಣದ ಗುರುತು ಬರೆದರು. ಊರೂರಿನಲ್ಲಿ ಹಾದಿಯ ಗೆಳೆಯರ ಸಂಘಗಳು ಹುಟ್ಟಿಕೊಂಡವು. 1987ರಲ್ಲಿ ಯುರೋಪ್ ಮಂಡಳಿ ಇದನ್ನು ತನ್ನ ಮೊದಲ ಸಾಂಸ್ಕೃತಿಕ ಹಾದಿಯೆಂದು ಸಾರಿತು. 1993ರಲ್ಲಿ ಯುನೆಸ್ಕೊ ಈ ಹಾದಿಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿಯನ್ನು, ಕೋಟೆಯನ್ನು ಕಾಪಾಡುವುದು ನಮಗೂ ಗೊತ್ತು. ಜನರ ಕಾಲಡಿಯ ಮಣ್ಣಿನ ಹಾದಿಯೂ ಕಾಪಾಡಬೇಕಾದ ವಸ್ತುವೆಂದು ನನಗೆ ಹೊಳೆದದ್ದು ಈ ದೇಶಕ್ಕೆ ಬಂದ ಮೇಲೆ.

ಅವ್ವನನ್ನು ಕೆಥೆಡ್ರಲಿಗೆ ಕರೆದೊಯ್ದಾಗ ಅವಳು ಬಹಳ ಹೊತ್ತು ನಿಂತದ್ದು ಮಹಿಮೆಯ ದ್ವಾರದ ಮುಂದೆ. ಶಿಲ್ಪಿ ಮತೆಯೊ ಕೆಲಸ ಮಾಡಿದ ಆ ದ್ವಾರದಲ್ಲಿ 1188ರ ಶಾಸನವಿದೆ. ನಡುಗಂಬದ ಅಮೃತಶಿಲೆಯಲ್ಲಿ ಐದು ಬೆರಳು ಕೂರುವಷ್ಟು ಕುಳಿಗಳಿವೆ; ಬಂದವರೆಲ್ಲ ಅದೇ ಜಾಗದಲ್ಲಿ ಕೈಯಿಟ್ಟು ನಮಸ್ಕರಿಸಿ ಶತಮಾನಗಳಲ್ಲಿ ಕಲ್ಲು ಹಾಗೆ ಸವೆದಿದೆ. ಈಗ ಮುಟ್ಟುವಂತಿಲ್ಲ. ಅವ್ವ ದೂರದಿಂದಲೇ ಕೈಮುಗಿದು, "ಎಷ್ಟ ಮಂದಿ ಕೈ ಇಟ್ಟಿರಬೇಕಲ್ಲ ಯವ್ವಾ" ಎಂದಳು. ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದು ಹೋದದ್ದೂ ಅದೇ ಹನ್ನೆರಡನೆಯ ಶತಮಾನದಲ್ಲಿ. ಈ ನೆಲದಲ್ಲಿ ಆ ಶತಮಾನದ ಲ್ಯಾಟಿನ್ ಹಸ್ತಪ್ರತಿಯೊಂದು ಹಾದಿಯ ಊರು, ನದಿ, ನೀರಿನ ಗುಣ, ಜನರ ಸ್ವಭಾವಗಳನ್ನೆಲ್ಲ ಬರೆದಿಟ್ಟುಕೊಂಡಿದೆ. ಅಕ್ಕ ಯಾವ ಹಳ್ಳಿಯಲ್ಲಿ ತಂಗಿದಳು, ಯಾವ ಹಳ್ಳವನ್ನು ದಾಟಿದಳು ಎಂದು ಆ ಹೊತ್ತಿನಲ್ಲಿ ನನಗೆ ತಿಳಿಯಬೇಕೆನಿಸಿತು.

ಹೊರಗಿನ ಒಬ್ರಾದೊಯ್ರೊ ಚೌಕದಲ್ಲಿ ನಡೆದು ಮುಗಿಸಿದವರು ಬೆನ್ನಚೀಲವನ್ನೇ ದಿಂಬಾಗಿಸಿಕೊಂಡು ಕಲ್ಲಿನ ಮೇಲೆ ಮಲಗಿರುತ್ತಾರೆ. ಕೆಲವರು ಅಳುತ್ತಿರುತ್ತಾರೆ. ಬೂಟು ಬಿಚ್ಚಿ ಕುಳಿತಿದ್ದ ಒಬ್ಬ ಹುಡುಗಿಯ ಹಿಮ್ಮಡಿ ಸುಲಿದು ಕೆಂಪಾಗಿತ್ತು. ಅವ್ವ ನೆಟ್ಟಗೆ ಅವಳ ಬಳಿ ಹೋಗಿ ಕುಳಿತು, ಕೈಚೀಲದಿಂದ ಕೊಬ್ಬರಿ ಎಣ್ಣೆಯ ಸೀಸೆ ತೆಗೆದಳು. ಹುಡುಗಿ ಗಾಬರಿಗೊಂಡು ಕಾಲು ಹಿಂದಕ್ಕೆಳೆದುಕೊಂಡಳು. ನಾನು ವಿವರಿಸಿದ ಮೇಲೆ ನಾಚುತ್ತಲೇ ಒಪ್ಪಿದಳು. ಸುಲಿದ ಜಾಗವನ್ನು ಬಿಟ್ಟು ಅವ್ವ ಮೀನಖಂಡವನ್ನೂ ಪಾದವನ್ನೂ ನೀವಿದಳು, ಕೊನೆಗೆ ಆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಶ್ರೀಶೈಲದ ಹಾದಿಯ ಹಳ್ಳಿಗಳಲ್ಲಿ ಹೀಗೆಯೇ ಮಾಡುತ್ತಾರೆ: ಬಿಸಿನೀರು ಕಾಯಿಸಿ ಕಾಲು ತೊಳೆಯುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ, ರೊಟ್ಟಿ, ಜುಣಕ, ಮಜ್ಜಿಗೆಯ ದಾಸೋಹವಿಡುತ್ತಾರೆ. ದುಡ್ಡಿನ ಮಾತೇ ಬರುವುದಿಲ್ಲ.

ಇದನ್ನು ಕೆಳಗಿನ ಮನೆಯ ಅಜ್ಜಿಗೆ ಹೇಳಿದಾಗ ಅವರ ಕಣ್ಣು ತುಂಬಿ ಬಂತು. ಹಾದಿಯ ಮೇಲಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅವರ ತಾಯಿಯೂ ಅಪರೂಪಕ್ಕೆ ಬರುವ ಯಾತ್ರಿಕರಿಗೆ ಹುಲ್ಲಿನ ಅಟ್ಟದಲ್ಲಿ ಮಲಗಲು ಜಾಗ, ಒಂದು ಬಟ್ಟಲು ಬಿಸಿ ಸಾರು ಕೊಡುತ್ತಿದ್ದರಂತೆ. ಮನಸ್ಸಿಗೆ ಬಂದಷ್ಟು ಕಾಣಿಕೆ ಹಾಕುವ ತಂಗುದಾಣಗಳು, ಬಿಡುವು ಮಾಡಿಕೊಂಡು ಬಂದು ಸೇವೆ ಮಾಡುವವರು ಇಂದಿಗೂ ಇದ್ದಾರೆ. ಆದರೆ ಬಹುಪಾಲು ಎಲ್ಲಕ್ಕೂ ದರಪಟ್ಟಿಯಿದೆ. ರಾಜ ಫೆರ್ನಾಂಡೊ ಮತ್ತು ರಾಣಿ ಇಸಾಬೆಲ್ ಯಾತ್ರಿಕರಿಗೆಂದು ಚೌಕದ ಪಕ್ಕದಲ್ಲಿ ಕಟ್ಟಿಸಿದ ಆಸ್ಪತ್ರೆ 1954ರಿಂದ ಐಷಾರಾಮಿ ಹೋಟೆಲು. ಹಳೆಯ ಊರಿನ ಎಷ್ಟೋ ಮನೆಗಳು ಪ್ರವಾಸಿಗರ ಬಾಡಿಗೆಗೆ ಹೋಗಿವೆ. ಅಜ್ಜಿ ತರಕಾರಿ ಕೊಳ್ಳುತ್ತಿದ್ದ ಅಂಗಡಿಯಲ್ಲಿ ಈಗ ಈ ಯಾತ್ರೆಯ ಗುರುತಾದ ಚಿಪ್ಪಿನ ಪದಕಗಳನ್ನು ಮಾರುತ್ತಾರೆ. ರಾತ್ರಿ ಹಾಡುತ್ತ ಬರುವ ಗುಂಪುಗಳಿಂದ ಅವರಿಗೆ ನಿದ್ದೆಯಿಲ್ಲ. "ಕಲ್ಲು ಕೂರಿಸುವವರು ಈಗಲೂ ಇದ್ದಾರೆ, ಬಾಗಿಲು ತೆರೆಯುವವರು ಕಡಿಮೆಯಾದರು" ಎಂದು ಅವರು ಹೇಳಿದಾಗ, ಅವ್ವನನ್ನು ಅವರು ಕೇಳಿದ ಪ್ರಶ್ನೆಯ ಹಿಂದೆ ಸ್ವಂತ ನೋವಿತ್ತೆಂದು ಅರ್ಥವಾಯಿತು.

ನಮ್ಮ ಕಡೆ ಬಾಗಿಲು ತೆರೆಯುವವರಿಗೆ ಬರವಿಲ್ಲ. ಬರವಿರುವುದು ದಾರಿಗೇ. ರಾಯಚೂರು, ಕರ್ನೂಲು, ಆತ್ಮಕೂರು ದಾಟಿ ನಲ್ಲಮಲ ಕಾಡಿನ ಕಾಲುಹಾದಿ ಸೇರುವವರೆಗೂ ನಮ್ಮ ಜನ ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊತ್ತು ನಡೆಯುವುದು ಬಹುತೇಕ ಡಾಂಬರು ರಸ್ತೆಯ ಅಂಚಿನಲ್ಲಿ. ಬಿಸಿಲಿಗೆ ಅಂಜಿ ರಾತ್ರಿ ಮತ್ತು ನಸುಕಿನಲ್ಲಿಯೇ ಹೆಚ್ಚು ನಡೆಯುತ್ತಾರೆ; ಲಾರಿಗಳು ವೇಗವಾಗಿ ಓಡುವ ಹೊತ್ತೂ ಅದೇ. ನಮ್ಮ ಓಣಿಯ ಹಿರಿಯರೊಬ್ಬರು ಹಾಗೆಯೇ ಒಂದು ನಸುಕಿನಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡರು. ಊರಿನವರು "ಮಲ್ಲಯ್ಯನ ಪಾದ ಸೇರಿದರು" ಎಂದರು. ಚಿಕ್ಕವಳಾಗಿದ್ದ ನಾನೂ ಅದನ್ನು ನಂಬಿ ಸಮಾಧಾನಪಟ್ಟುಕೊಂಡಿದ್ದೆ. ಈಗ ಆ ಮಾತು ನೆನಪಾದರೆ ಸಿಟ್ಟು ಬರುತ್ತದೆ. ಪ್ರತಿವರ್ಷ ಅದೇ ತಿಂಗಳಲ್ಲಿ, ಅದೇ ರಸ್ತೆಯಲ್ಲಿ ಅಷ್ಟೊಂದು ಜನ ನಡೆಯುತ್ತಾರೆಂದು ಗೊತ್ತಿದ್ದೂ ಪಕ್ಕದಲ್ಲಿ ಎರಡು ಮೊಳ ಅಗಲದ ಮಣ್ಣಿನ ಹಾದಿ ಬಿಡದಿರುವುದಕ್ಕೆ ದೇವರ ಹೆಸರು ಹೇಳಬಾರದು.

ಮೊಂತೆ ದೊ ಗೊಸೊ ಗುಡ್ಡದಿಂದ ಊರಿನ ಗೋಪುರಗಳನ್ನು ನೋಡಿ ಇಳಿಯುವಾಗ ಅವ್ವನಿಗೆ ಇದನ್ನೇ ಹೇಳಿದೆ. ಇಲ್ಲಿಯ ಬಾಣ, ಚಿಪ್ಪಿನ ಗುರುತುಗಳನ್ನು ತೋರಿಸಿ, ನಮ್ಮಲ್ಲೂ ಹೀಗೆ ಇರಬೇಕಿತ್ತು ಎಂದೆ. ಅವಳಿಗೆ ಬಾಣಗಳು ಹಿಡಿಸಲಿಲ್ಲ. "ಇಷ್ಟ ಗುರುತ ಹಾಕಿದ್ರ ದಾರಿ ಕೇಳಾಕ ಯಾರನ್ನೂ ಮಾತಾಡಸೂದ ಬ್ಯಾಡಲ್ಲ" ಎಂದಳು. ದಾರಿ ಕೇಳಿದ ನೆಪದಲ್ಲಿಯೇ ಅವಳಿಗೆ ಆತ್ಮಕೂರಿನ ಕಡೆಯ ಒಂದು ಮನೆಯ ಪರಿಚಯವಾದದ್ದು, ಆ ಮನೆಯ ಮಗಳ ಮದುವೆಗೆ ನಾವೆಲ್ಲ ಹೋಗಿಬಂದದ್ದು ನನಗೂ ನೆನಪಿತ್ತು. ನಾನು ವಾದಿಸಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವಳೇ ಓಣಿಯ ಆ ಹಿರಿಯರ ಹೆಸರೆತ್ತಿದಳು. ಬಾಣ ಬೇಡ, ಡಾಂಬರು ಬಿಟ್ಟು ಕಾಲಿಡಲು ಒಂದು ಮಣ್ಣಿನ ಹಾದಿ, ಹೆಂಗಸರಿಗೆ ಅಲ್ಲಲ್ಲಿ ಬಾಗಿಲು ಭದ್ರವಿರುವ ಶೌಚಾಲಯ, ಕತ್ತಲಲ್ಲಿ ಲಾರಿಯವನಿಗೆ ಕಾಣುವ ಹಾಗೆ ಬಿಳಿಯ ಪಟ್ಟಿ, ಇಷ್ಟನ್ನು ಮಾಡಿಸಲು ಯಾರ ಹತ್ತಿರ ಹೋಗಿ ಕೇಳಬೇಕು ಎಂದಳು. ಊರಿಗೆ ಮರಳಿದ ಮೇಲೂ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಾಳೆ.