ಗ್ರೇಟ್ ಡೇನ್ ಬೃಂದಾ ಎದ್ದು ನಿಂತಳು, ಟೈಲ್ಸ್ ನೆಲ ಸೋತಿತು

ಹೊಸ ಮನೆ ಸಿಗುವ ತನಕ ನಾವು ನೋಡಿಕೊಳ್ಳುತ್ತಿರುವ ದೈತ್ಯ ತಳಿಯ ನಾಯಿ ಬೃಂದಾ ನಿನ್ನೆ ತಾನಾಗಿ ಎದ್ದಳು. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಯಾರೂ ಎತ್ತಲಿಲ್ಲ. ಎದ್ದು, ಮೈ ಕೊಡವಿ, ನೀರಿನ ಬಕೆಟ್ ತನಕ ನಡೆದು ಹೋದಳು. ಮನೆಯವರೆಲ್ಲ ಕುಣಿದುಬಿಟ್ಟೆವು!

ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್, ಅದಕ್ಕೆ ಡಾಕ್ಸಿ (ಡಾಕ್ಸಿಸೈಕ್ಲಿನ್) ಮಾತ್ರೆಯ ಕೋರ್ಸ್, ತೂಕ ಏರಿಸಿದ್ದು, ಆಪರೇಷನ್ ಹೊತ್ತಲ್ಲೇ ಹೊಟ್ಟೆ ತಿರುಚದ ಹಾಗೆ ಜಠರವನ್ನು ಒಳಗೋಡೆಗೆ ಹೊಲಿಯುವ ಗ್ಯಾಸ್ಟ್ರೋಪೆಕ್ಸಿ ಮಾಡಿಸಿದ್ದು, ಇವೆಲ್ಲ ಡೇನ್ ನೋಡಿಕೊಂಡವರಿಗೆ ಗೊತ್ತಿರುವುದೇ. ನಮ್ಮನ್ನು ಸತಾಯಿಸಿದ್ದು ನೆಲ.

ಬೃಂದಾಗೆ ಹಿಪ್ ಡಿಸ್‌ಪ್ಲೇಸಿಯಾ ಇದೆ, ಅಂದರೆ ಸೊಂಟದ ಕೀಲು ಸರಿಯಾಗಿ ಕೂತಿಲ್ಲ. ಬೆಂಗಳೂರಿನ ಮನೆಗಳಲ್ಲಿ ಎಲ್ಲಿ ನೋಡಿದರೂ ವಿಟ್ರಿಫೈಡ್ ಟೈಲ್ಸ್. ಏಳಲು ಹೋದರೆ ಹಿಂಗಾಲು ಎರಡೂ ಕಡೆ ಜಾರುತ್ತೆ. ನೋವಾಗುತ್ತೆ, ಹಾಗಾಗಿ ಏಳುವುದನ್ನೇ ಬಿಡುತ್ತಾಳೆ. ಮಲಗುವಾಗ ದೊಪ್ಪೆಂದು ಬೀಳುತ್ತಾಳೆ, ಆ ಭಾರವೆಲ್ಲ ಮೊಣಕೈ ಮೂಳೆಗೆ. ಎರಡೂ ಮೊಣಕೈಯಲ್ಲಿ ಮೂಸಂಬಿ ಗಾತ್ರದ ಹೈಗ್ರೋಮಾ, ಅಂದರೆ ಪೆಟ್ಟಿನಿಂದ ನೀರು ತುಂಬಿದ ಗಂಟು. ಸೂಜಿ ಹಾಕಿ ನೀರು ತೆಗೆದರೆ ಮತ್ತೆ ತುಂಬಿಕೊಳ್ಳುತ್ತೆ, ಕೀವಾಗುವ ಭಯ ಬೇರೆ. ಪೆಟ್ಟು ಬೀಳುವುದು ನಿಲ್ಲಬೇಕು, ಅಷ್ಟೇ ದಾರಿ.

ಮೊಣಕೈ ಪ್ಯಾಡ್ ತರಿಸಿದೆವು. ಡೇನ್ ಕಾಲು ನೆಟ್ಟಗೆ ಕಂಬದ ಹಾಗೆ, ಪ್ಯಾಡ್ ನಿಲ್ಲುವುದೇ ಇಲ್ಲ. ಕೊನೆಗೆ ಎರಡಕ್ಕೂ ಪಟ್ಟಿ ಹೊಲಿದು ಹೆಗಲ ಮೇಲೆ ಕಟ್ಟಿದ ಮೇಲೆ ನಿಂತವು.

ಹಾಸಿಗೆಯದು ದೊಡ್ಡ ಗೋಳು. ಮಾಮೂಲಿ ಫೋಮ್ 50 ಕೆಜಿ ನಾಯಿಯ ಕೆಳಗೆ ಅಪ್ಪಚ್ಚಿಯಾಗಿ, ಮೊಣಕೈ ಸೀದಾ ನೆಲಕ್ಕೆ ತಾಗುತ್ತೆ. ಅದಕ್ಕೇ 100 ಡೆನ್ಸಿಟಿ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ ಫೋಮ್) ಕೇಳಿದೆವು, 6 ಅಡಿಗೆ 4 ಅಡಿ, 4 ಇಂಚು ದಪ್ಪ. ಅಂಗಡಿಯವರು ಕಳಿಸಿದ್ದಕ್ಕೆ 100 ಅಂತ ಚೀಟಿ ಅಂಟಿಸಿತ್ತು. ತಕ್ಕಡಿಗೆ ಹಾಕಿದರೆ 14 ಕೆಜಿ! ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ ಅಂತ. ಆ ಅಳತೆಗೆ ಹೆಚ್ಚುಕಡಿಮೆ 23 ಕೆಜಿ ಬರಲೇಬೇಕು. ದುಡ್ಡು ಪೂರ್ತಿ ತಗೊಂಡು ಕಾಯಿಲೆ ನಾಯಿಗೆ ಹೀಗೆ ಮಾಡ್ತಾರಲ್ಲ ಅಂತ ಇವತ್ತಿಗೂ ಸಿಟ್ಟಿದೆ. ದಯವಿಟ್ಟು ಚೀಟಿ ನಂಬಬೇಡಿ, ತೂಗಿ ತಗೊಳ್ಳಿ.

ಜಾರುವುದಕ್ಕೆ ಉತ್ತರ ಸಿಕ್ಕಿದ್ದು ಹಾಲಿನ ಡೇರಿಗಳಿಗೆ ಸಾಮಾನು ಮಾರುವ ಅಂಗಡಿಯಲ್ಲಿ. ಕೊಟ್ಟಿಗೆಗೆ ಹಾಸುವ ಹಸುವಿನ ರಬ್ಬರ್ ಮ್ಯಾಟ್! ಆರೂವರೆ ಅಡಿ ಉದ್ದ, 4 ಅಡಿ ಅಗಲ. ಯೋಗ ಮ್ಯಾಟ್, ಬಣ್ಣದ ಜೋಡಿಸುವ ಮ್ಯಾಟ್ ಎಲ್ಲ ಇವಳ ಉಗುರಿಗೆ ಚಿಂದಿಯಾಗಿದ್ದವು. ಇದು ಅಲ್ಲಾಡಲಿಲ್ಲ. ಹೊಸ ರಬ್ಬರ್ ವಾಸನೆ ಜಾಸ್ತಿ, ಸೋಪಿನಲ್ಲಿ ಉಜ್ಜಿ ಬಿಸಿಲಿಗೆ ಹಾಕಿ. ಹಾಸಿಗೆಯಿಂದ ಬಾಗಿಲ ತನಕ ದಾರಿಯ ಹಾಗೆ ಹಾಸಿದೆವು. ಉಗುರು ಕತ್ತರಿಸಿ, ಪಾದದ ಸಂದಿಯ ಕೂದಲನ್ನೂ ತೆಗೆದೆವು.

ಹಾಸಿಗೆಗೆ ರೆಕ್ಸಿನ್ ಹಾಕಿದರೆ ಸೆಕೆ, ಜಾರುತ್ತೆ ಕೂಡ. ಈಗ ಫೋಮ್ ಮೇಲೆ ಟಾರ್ಪಾಲು, ಅದರ ಮೇಲೆ ಗೋಣಿ, ಎಲ್ಲಕ್ಕಿಂತ ಮೇಲೆ ಧಾರವಾಡದ ಗೆಳತಿ ಕೊಟ್ಟ ಹಳೆ ಸೀರೆಗಳ ಕೌದಿ. ಗೋಣಿ ಇರುವುದರಿಂದ ಕೌದಿ ಸರಿಯುವುದಿಲ್ಲ. ಒದ್ದೆಯಾದರೆ ಒಗೆದು ಹಾಕಬಹುದು. ಬಲಗೈ ಹೈಗ್ರೋಮಾ ಅರ್ಧಕ್ಕೆ ಇಳಿದಿದೆ. ಎಡಗೈದು ನಿಧಾನ.

ಅವಳನ್ನು ದತ್ತು ಕೇಳಿಕೊಂಡು ಬಂದವರಲ್ಲಿ ಜಾಸ್ತಿ ಜನ ಮೊದಲು ಕೇಳಿದ್ದು ಬಣ್ಣ, ಎತ್ತರ. ತುಮಕೂರಿನ ಕುಟುಂಬವೊಂದು ಮಾತ್ರ ಅವಳು ಎಲ್ಲಿ ಮಲಗುತ್ತಾಳೆ ಅಂತ ಕೇಳಿತು. ಒಂದೇ ಅಂತಸ್ತಿನ ಮನೆ, ಮೆಟ್ಟಿಲಿಲ್ಲ. ಹೋಗಿ ನೆಲ ನೋಡಿ ಬಂದೆವು. ನಮ್ಮ ಪ್ರಕಾರ ದೊಡ್ಡ ನಾಯಿ ಕೊಡುವ ಮೊದಲು ಮನೆಯವರ ಸಂಬಳಕ್ಕಿಂತ ನೆಲ ನೋಡಬೇಕು. ಡೇನ್‌ಗಳ ಆಯುಷ್ಯವೇ 7ರಿಂದ 10 ವರ್ಷ, ಇವಳಿಗೆ ಆಗಲೇ ಸುಮಾರು 6. ಉಳಿದ ವರ್ಷಗಳಲ್ಲಿ ಅವಳು ಜಾರಬಾರದು. ಮ್ಯಾಟ್, ಕೌದಿ ಎಲ್ಲ ಅವಳ ಜೊತೆಗೇ ಹೋಗುತ್ತವೆ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಓಡ್ತಿದೆ. ಹಿಂಗಾಲು ಸೋತ ಸೇಂಟ್ ಬರ್ನಾರ್ಡ್ ಒಬ್ಬ ಬರುತ್ತಿದ್ದಾನೆ, ಅವನಿಗೆ ಗಾಲಿ ಬಂಡಿ ಬೇಕು. ಸಣ್ಣ ನಾಯಿಗೆ ಪಿವಿಸಿ ಪೈಪ್ ಸಾಕು, ಇವನ ಭಾರಕ್ಕೆ ಬಾಗುತ್ತೆ. ಅಲ್ಯೂಮಿನಿಯಂ ಪೈಪಿನಲ್ಲೇ ಮಾಡಬೇಕು, ಆಕ್ಸಲ್ ಸೊಂಟದ ನೇರಕ್ಕೆ ಬರಬೇಕು. ಮಕ್ಕಳ ಸೈಕಲ್ಲಿನ 16 ಇಂಚಿನ ಹಳೆ ಚಕ್ರ ಜೋಡಿ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಟ್ಯೂಬ್ ಹೋಗಿದ್ದರೂ ಪರವಾಗಿಲ್ಲ, ಬೇರಿಂಗ್ ಚೆನ್ನಾಗಿರಲಿ.